ಕೊಂಬೆ ಬಿಡದ ಕೈ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಮುಖ್ಯೋಪಾಧ್ಯಾಯರು ಫೋನಿನಲ್ಲಿ ನನಗೆ ಕೊಟ್ಟಿದ್ದ ವಿಷಯ ‘ಐ.ಟಿ. ಕ್ಷೇತ್ರ ಮತ್ತು ಗ್ರಾಮೀಣ ವಿದ್ಯಾರ್ಥಿಗಳು’. ಆ ವಿಷಯದ ಮೇಲೆ ನನಗಿಂತ ಚೆನ್ನಾಗಿ ಮಾತಾಡುವವರು ನಮ್ಮ ಬ್ಯಾಚಿನಲ್ಲೇ ನಾಲ್ಕು ಜನ ಇದ್ದಾರೆ. ಅದಕ್ಕೆ, ‘ಸಾರ್, ನಾನು ಒಂದು ಪ್ರಾಣಿಯ ಕೈಯ ನರಗಳ ಬಗ್ಗೆ ಮಾತಾಡಲೇ?’ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇಪ್ಪತ್ತು ನಿಮಿಷ ಮೀರಬಾರದು’ ಎಂದರು. ಮೀರುವುದಿಲ್ಲ ಸಾರ್.

ಆ ಪ್ರಾಣಿಯ ಹೆಸರು ಸ್ಲಾತ್. ಮಕ್ಕಳು ಫೋನಿನಲ್ಲಿ ಅದರ ವಿಡಿಯೋ ನೋಡಿರುತ್ತೀರಿ. ಕೊಂಬೆಗೆ ತಲೆಕೆಳಗಾಗಿ ನೇತಾಡುತ್ತಾ, ನಕ್ಕ ಹಾಗೆ ಕಾಣುವ ಮುಖದಲ್ಲಿ, ಒಂದೊಂದೇ ಎಲೆ ಜಗಿಯುವ ಪ್ರಾಣಿ. ಇರುವುದು ಮಧ್ಯ ಅಮೆರಿಕ ಮತ್ತು ದಕ್ಷಿಣ ಅಮೆರಿಕದ ಕಾಡುಗಳಲ್ಲಿ. ನೇತಾಡುತ್ತಲೇ ತಿನ್ನುತ್ತದೆ, ನೇತಾಡುತ್ತಲೇ ನಿದ್ರೆ ಮಾಡುತ್ತದೆ, ಮರಿ ಹಾಕುವುದೂ ನೇತಾಡುತ್ತಲೇ. ಇಂಗ್ಲಿಷಿನಲ್ಲಿ ಅದರ ಹೆಸರಿಗೆ ಸೋಮಾರಿತನ ಎಂದೇ ಅರ್ಥ. ಸ್ಪ್ಯಾನಿಷಿನಲ್ಲಿ ಪೆರೆಸೊಸೊ, ಅಂದರೂ ಸೋಮಾರಿ. ಹೀಗೆ ಹೆಸರಿಟ್ಟ ಜನರ ನಡುವೆಯೇ ಕೋಸ್ಟರಿಕಾ ದೇಶ 2021ರಲ್ಲಿ ಅದನ್ನು ರಾಷ್ಟ್ರೀಯ ಲಾಂಛನಗಳಲ್ಲಿ ಒಂದು ಎಂದು ಘೋಷಿಸಿತು. ಇದರಲ್ಲಿ ಎರಡು ಬಗೆ. ಒಂದರ ಮುಂಗೈಯಲ್ಲಿ ಎರಡು ಬೆರಳು, ಇನ್ನೊಂದರಲ್ಲಿ ಮೂರು. ನೋಡಲು ಅಣ್ಣತಮ್ಮಂದಿರ ಹಾಗಿದ್ದರೂ ಇವೆರಡರ ಮನೆತನ ಬೇರೆಯಾಗಿ ಸುಮಾರು ಮೂರು ಕೋಟಿ ವರ್ಷಗಳಾಗಿವೆ.

ಒಂದು ಗೊಂದಲ ಮೊದಲೇ ಬಿಡಿಸಿಬಿಡುತ್ತೇನೆ. ನಮ್ಮ ದರೋಜಿಯ ಕರಡಿಗೂ ಇಂಗ್ಲಿಷಿನಲ್ಲಿ ‘ಸ್ಲಾತ್ ಬೇರ್’ ಎನ್ನುತ್ತಾರೆ. 1791ರಲ್ಲಿ ಜಾರ್ಜ್ ಶಾ ಎಂಬ ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞ ಅದರ ಉದ್ದುದ್ದ ಉಗುರು ನೋಡಿ, ಮೇಲಿನ ಎದುರು ಹಲ್ಲು ಎರಡು ಇಲ್ಲದ್ದು ನೋಡಿ, ಇದೂ ಒಂದು ಸ್ಲಾತ್ ಎಂದೇ ಹೆಸರಿಟ್ಟುಬಿಟ್ಟ. ಆಮೇಲೆ ಅದು ಕರಡಿ ಎಂದು ಗೊತ್ತಾಯಿತು, ಆದರೆ ಹೆಸರು ಮಾತ್ರ ಉಳಿದುಕೊಂಡಿತು. ಇವತ್ತು ನಾನು ಹೇಳುವುದು ಕರಡಿಯ ಕಥೆಯಲ್ಲ.

ಅಡಿಕೆ ತೋಟದ ಊರಿನಿಂದ ಹೋದ ಬಿ.ಇ. ಓದಿದವನಿಗೆ ಅಮೆರಿಕದ ಸ್ಲಾತ್ ಎಲ್ಲಿ ಸಿಕ್ಕಿತು ಎಂದು ನೀವು ಕೇಳಬಹುದು. ಬೆಂಗಳೂರಿನಲ್ಲಿ ನಮ್ಮ ತಂಡದ ಕೆಲಸ ಸ್ಕ್ಯಾನ್ ಚಿತ್ರಗಳನ್ನು ಓದುವ ಸಾಫ್ಟ್‌ವೇರ್ ಬರೆಯುವುದು. ಹೊರದೇಶದ ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ಕಾಲದಿಂದ ಸೀಸೆಗಳಲ್ಲಿ ಕಾಪಾಡಿಕೊಂಡು ಬಂದ ಪ್ರಾಣಿಗಳ ದೇಹಗಳಿವೆ. ಅವುಗಳನ್ನು ಕತ್ತರಿಸದೆ ಒಳಗೆ ನೋಡಲು ಈಗ ಒಂದು ಉಪಾಯ ಇದೆ. ದೇಹವನ್ನು ಕೆಲವು ದಿನ ಅಯೋಡಿನ್ ದ್ರಾವಣದಲ್ಲಿ ನೆನೆಸಿ ಸಿ.ಟಿ. ಸ್ಕ್ಯಾನ್ ಮಾಡುತ್ತಾರೆ. ಬರೀ ಸ್ಕ್ಯಾನಿನಲ್ಲಿ ಮೂಳೆ ಮಾತ್ರ ಚೆನ್ನಾಗಿ ಕಾಣುತ್ತದೆ. ಅಯೋಡಿನ್ ಹೀರಿಕೊಂಡ ಮೇಲೆ ಸ್ನಾಯು, ನರದಂಥ ಮೆತ್ತನೆಯ ಭಾಗಗಳೂ ಬೇರೆಬೇರೆಯಾಗಿ ಕಾಣತೊಡಗುತ್ತವೆ. ಹಾಗೆ ಬಂದ ಸಾವಿರಾರು ಚಿತ್ರಗಳನ್ನು ಒಂದರ ಮೇಲೊಂದು ಜೋಡಿಸಿ, ಕತ್ತಿನಿಂದ ಬೆರಳಿನವರೆಗೆ ಒಂದೊಂದು ನರವನ್ನೂ ಹಿಂಬಾಲಿಸಿ ಬಣ್ಣ ಹಚ್ಚಬೇಕು. ಅದು ನಮ್ಮ ಪ್ರೋಗ್ರಾಂ ಮಾಡಬೇಕಾದ ಕೆಲಸ. ಅಯೋಡಿನ್ ಎಂಬ ಹೆಸರು ಮೊದಲ ಸಲ ಮೀಟಿಂಗಿನಲ್ಲಿ ಕೇಳಿದಾಗ ನನಗೆ ನೆನಪಾದದ್ದು ಈ ಶಾಲೆಯ ಪ್ರಯೋಗಾಲಯ. ಆ ಮೂಲೆಯ ಕೋಣೆಯಲ್ಲಿ ಅನ್ನದ ಅಗುಳಿನ ಮೇಲೆ ಒಂದು ತೊಟ್ಟು ಅಯೋಡಿನ್ ಹಾಕಿ, ಅದು ಕಡುನೀಲಿಯಾದಾಗ ನಾವು ಹೋ ಎಂದು ಕೂಗಿ ಬೈಸಿಕೊಂಡಿದ್ದೆವು.

ಈಗ ನರದ ವಿಷಯ. ಮಕ್ಕಳೇ, ಎಲ್ಲರೂ ಒಂದು ಕೈ ಮಡಿಸಿ. ಮೊಣಕೈಯ ಒಳಪಕ್ಕದಲ್ಲಿ, ಮೂಳೆಯ ಗುಬುಟಿನ ಹಿಂದೆ, ಇನ್ನೊಂದು ಕೈಯ ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಹುರಿಯಂಥದ್ದೊಂದು ಜಾರುತ್ತದೆ. ಬಾಗಿಲಿಗೆ ಅಲ್ಲಿ ತಗುಲಿದಾಗ ಕಿರುಬೆರಳಿನವರೆಗೆ ಕರೆಂಟ್ ಹೊಡೆದ ಹಾಗೆ ಆಗುತ್ತದಲ್ಲ, ಅದೇ ಇದು. ಹೆಸರು ಅಲ್ನಾರ್ ನರ. ಕತ್ತಿನ ಬುಡದಲ್ಲಿ, ಬೆನ್ನುಹುರಿಯಿಂದ ಹೊರಬರುವ ಐದು ನರಗಳು, ಅಂದರೆ ಕತ್ತಿನ ಕೊನೆಯ ನಾಲ್ಕು ಮತ್ತು ಎದೆಯ ಮೊದಲನೆಯದು, ಒಂದರೊಳಗೊಂದು ಸೇರಿ, ಕವಲೊಡೆದು, ಮತ್ತೆ ಸೇರಿ ಒಂದು ಜಾಲವಾಗುತ್ತವೆ. ವೈದ್ಯರು ಅದಕ್ಕೆ ಬ್ರೇಕಿಯಲ್ ಪ್ಲೆಕ್ಸಸ್ ಎನ್ನುತ್ತಾರೆ. ನಾವು ತೋಳಿನ ನರಜಾಲ ಎನ್ನೋಣ. ಆ ಜಾಲದಿಂದ ಕೈಗೆ ಇಳಿಯುವ ದೊಡ್ಡ ನರಗಳು ಮುಖ್ಯವಾಗಿ ಐದು. ಎರಡು ಹೆಗಲು ಮತ್ತು ಮೇಲ್ದೋಳಿನಲ್ಲೇ ತಮ್ಮ ಹೆಚ್ಚಿನ ಕೆಲಸ ಮುಗಿಸುತ್ತವೆ. ಉಳಿದ ಮೂರು ಬೆರಳಿನವರೆಗೂ ಹೋಗುತ್ತವೆ: ರೇಡಿಯಲ್, ಮೀಡಿಯನ್, ಅಲ್ನಾರ್. ಸ್ಥೂಲವಾಗಿ ಹೇಳುವುದಾದರೆ, ಮುಷ್ಟಿ ಬಿಗಿಯುವುದು ಮೀಡಿಯನ್ ಮತ್ತು ಅಲ್ನಾರ್ ನರಗಳ ಪಾಲು. ಮುಷ್ಟಿ ಬಿಚ್ಚುವುದು, ಮಣಿಕಟ್ಟು ಮೇಲೆತ್ತುವುದು ರೇಡಿಯಲ್ ನರದ ಪಾಲು.

ಸ್ಲಾತ್‌ನ ಮುಂಗೈಯಲ್ಲೂ ಇದೇ ನರಗಳು, ಇದೇ ಹಂಚಿಕೆ. ಬೆಕ್ಕು, ನಾಯಿ, ಹಸು, ಬಾವಲಿ ಯಾವುದನ್ನು ತೆಗೆದುಕೊಂಡರೂ ಇವೇ ಹೆಸರುಗಳು. ಬದಲಾಗಿರುವುದು ಕೈಯ ಆಕಾರ. ಮೂರು ಬೆರಳಿನ ಸ್ಲಾತ್‌ನ ಬೆರಳುಗಳು ಉಗುರಿನ ಬುಡದವರೆಗೂ ಒಂದೇ ಚರ್ಮದೊಳಗೆ ಸೇರಿಕೊಂಡಿವೆ. ಒಂದು ಬೆರಳನ್ನು ಮಾತ್ರ ಬೇರೆಯಾಗಿ ಆಡಿಸುವ ಹಾಗಿಲ್ಲ. ಇಡೀ ಕೈ ಒಂದು ಕೊಕ್ಕೆ. ಕೊಕ್ಕೆಯನ್ನು ಮಡಿಸುವ ಸ್ನಾಯುಗಳು ಬಲವಾಗಿವೆ, ಬಿಚ್ಚುವ ಸ್ನಾಯುಗಳು ಅವುಗಳ ಮುಂದೆ ಸಣ್ಣವು. ಇಡೀ ದೇಹದ ಲೆಕ್ಕ ಹಾಕಿದರೆ ಬೇರೆ ಸಸ್ತನಿಗಳಿಗಿಂತ ಇದಕ್ಕೆ ಸ್ನಾಯು ಕಡಿಮೆ. ಇರುವ ಸ್ವಲ್ಪವನ್ನು ಹಿಡಿಯುವುದಕ್ಕೇ ಮೀಸಲಿಟ್ಟಿದೆ. ಸತ್ತ ಮೇಲೂ ಸ್ಲಾತ್ ಕೊಂಬೆಯಿಂದ ಬೀಳದೆ ನೇತಾಡುತ್ತಿರುವುದನ್ನು ಜನ ಕಂಡಿದ್ದಾರೆ.

ಹೀಗೆ ಬಿಗಿಯಾಗಿ ಹಿಡಿದರೆ ರಕ್ತದ ಓಡಾಟ ನಿಲ್ಲುವುದಿಲ್ಲವೇ? 1800ರಲ್ಲಿ ಆಂಟನಿ ಕಾರ್ಲೈಲ್ ಎಂಬ ಲಂಡನ್ನಿನ ಶಸ್ತ್ರವೈದ್ಯ ಸ್ಲಾತ್‌ಗಳ ತೋಳು ಬಿಚ್ಚಿ ನೋಡಿದಾಗ ಒಂದು ವಿಚಿತ್ರ ಕಂಡಿತು. ನಮ್ಮ ತೋಳಿನಲ್ಲಿ ಒಂದು ದೊಡ್ಡ ರಕ್ತನಾಳ ಇರುವ ಜಾಗದಲ್ಲಿ ಅಲ್ಲಿ ಸಣ್ಣಸಣ್ಣ ನಾಳಗಳ ಕಟ್ಟೇ ಇತ್ತು, ಪೊರಕೆಯ ಕಡ್ಡಿಗಳ ಹಾಗೆ. ಬಹಳ ಹೊತ್ತು ಹಿಡಿದಿರುವಾಗ ರಕ್ತ ಹರಿಯುತ್ತಿರಲು ಇದು ನೆರವಾಗಬಹುದು ಎಂಬುದು ಒಂದು ವಿವರಣೆ. ಇದನ್ನು ಇಲ್ಲಿ ಯಾಕೆ ಹೇಳುತ್ತಿದ್ದೇನೆಂದರೆ, ಅದೇ ಬರಹದಲ್ಲಿ ಆತ ಇಂಥದ್ದೇ ಕಟ್ಟನ್ನು ಲೋರಿಸ್ ಎಂಬ ಪ್ರಾಣಿಯಲ್ಲೂ ಕಂಡೆ ಎಂದು ಬರೆದಿದ್ದಾನೆ. ಲೋರಿಸ್ ಎಂದರೆ ನಮ್ಮ ಕಾಡುಪಾಪದ ಬಳಗ. ರಾತ್ರಿ ಟಾರ್ಚ್ ಬಿಟ್ಟರೆ ಎರಡು ಕೆಂಪು ಕಣ್ಣು ಹೊಳೆಯುವ ಅದೇ ಕಾಡುಪಾಪ. ಸ್ಲಾತ್‌ಗೂ ಕಾಡುಪಾಪಕ್ಕೂ ಹತ್ತಿರದ ನೆಂಟಸ್ತಿಕೆ ಏನೂ ಇಲ್ಲ. ನಿಧಾನವಾಗಿ ಕೊಂಬೆ ಹಿಡಿದು ಬದುಕುವ ಕೆಲಸ ಎರಡಕ್ಕೂ ಒಂದೇ ಆದ್ದರಿಂದ, ಉತ್ತರವೂ ಒಂದೇ ರೀತಿ ಬಂದಿದೆ.

ಈಗ ನಾನು ಮಾಡಿದ ಎರಡು ತಪ್ಪು ಹೇಳುತ್ತೇನೆ. ಎಂಜಿನಿಯರ್ ಆಗಬೇಕೆಂದಿರುವ ಮಕ್ಕಳು ಇದನ್ನು ಕೇಳಬೇಕು.

ಮೊದಲನೆಯದು ಎರಡು ಬೆರಳಿನ ಸ್ಲಾತ್‌ನದು. ನಮ್ಮ ಪ್ರೋಗ್ರಾಂ ಅದರ ಮೀಡಿಯನ್ ನರವನ್ನು ಕಂಕುಳಿಂದ ಚೆನ್ನಾಗಿ ಹಿಂಬಾಲಿಸಿಕೊಂಡು ಬಂದು, ಮೊಣಕೈಗಿಂತ ಸ್ವಲ್ಪ ಮೇಲೆ ಕಳೆದುಕೊಂಡುಬಿಡುತ್ತಿತ್ತು. ಆಮೇಲೆ ಮೊಣಕೈ ಕೆಳಗೆ ಎಲ್ಲಿಂದಲೋ ಮತ್ತೆ ಕಾಣುತ್ತಿತ್ತು. ನಾನು ಎರಡು ವಾರ ಪ್ರೋಗ್ರಾಮಿನ ದೋಷ ಹುಡುಕಿದೆ. ಕೊನೆಗೆ ನಮ್ಮ ಜೊತೆಗಿದ್ದ ಪಶುವೈದ್ಯೆ ಬಂದು ಪರದೆ ನೋಡಿ, ‘ನರ ಎಲ್ಲೂ ಹೋಗಿಲ್ಲ, ಮೂಳೆಯೊಳಗೆ ನೋಡಿ’ ಎಂದರು. ಅಲ್ಲಿತ್ತು. ಮೇಲ್ದೋಳಿನ ಮೂಳೆಯ ಕೆಳತುದಿಯಲ್ಲಿ ಸೂಜಿಯ ಕಣ್ಣಿನಂಥ ಒಂದು ರಂಧ್ರ, ಅದರೊಳಗೆ ತೂರಿಕೊಂಡು ನರ ಕೆಳಗಿಳಿದಿತ್ತು. ‘ನಿಮ್ಮ ಮನೆಯ ಬೆಕ್ಕಿಗೂ ಹೀಗೇ ಇದೆ. ನಾಯಿಗೆ ಇಲ್ಲ’ ಎಂದರು ಅವರು. ಮನುಷ್ಯರಿಗೂ ಇಲ್ಲ. ಆದರೆ ಅಪರೂಪಕ್ಕೆ ಕೆಲವರ ತೋಳುಮೂಳೆಯಲ್ಲಿ ಆ ಜಾಗದಲ್ಲಿ ಒಂದು ಸಣ್ಣ ಮುಳ್ಳು, ಅದಕ್ಕೊಂದು ನಾರಿನ ಪಟ್ಟಿ ಇರುತ್ತದೆ, ಅದರಡಿಯಲ್ಲಿ ಇದೇ ನರ ಹೋಗುತ್ತದೆ. 1871ರ ತನ್ನ ಪುಸ್ತಕದಲ್ಲಿ ಡಾರ್ವಿನ್ ಇದನ್ನು ಮನುಷ್ಯನ ಹಳೆಯ ನೆಂಟಸ್ತಿಕೆಗೆ ಒಂದು ಗುರುತು ಎಂದು ತೋರಿಸಿದ್ದಾನೆ. ಮೂಳೆಯೊಳಗೆ ನರ ಇರಲು ಸಾಧ್ಯವೇ ಇಲ್ಲ ಎಂದು ನಾನೇ ಪ್ರೋಗ್ರಾಮಿನಲ್ಲಿ ಬರೆದಿದ್ದೆ. ತಪ್ಪು ನನ್ನದು, ನರದ್ದಲ್ಲ.

ಎರಡನೆಯ ತಪ್ಪು 7 ಎಂಬ ಅಂಕಿ. ಸಸ್ತನಿಗಳ ಕತ್ತಿನಲ್ಲಿ ಎಷ್ಟು ಕಶೇರುಮಣಿ? ಮಕ್ಕಳು ಹೇಳಿದಿರಿ, 7. ಇಲಿಗೂ 7, ಜಿರಾಫೆಗೂ 7, ತಿಮಿಂಗಿಲಕ್ಕೂ 7. ಜಿರಾಫೆಯ ಒಂದೊಂದು ಮಣಿ ಉದ್ದ, ಅಷ್ಟೇ. ನಾನೂ ಪ್ರೋಗ್ರಾಮಿಗೆ ಅದನ್ನೇ ಹೇಳಿಕೊಟ್ಟಿದ್ದೆ: ತಲೆಬುರುಡೆಯಿಂದ 7 ಎಣಿಸು, ಅಲ್ಲಿ ಕತ್ತು ಮುಗಿಯಿತು, ಆ ಸುತ್ತಮುತ್ತ ನರಜಾಲ ಹುಡುಕು. ಮೂರು ಬೆರಳಿನ ಸ್ಲಾತ್ ಬಂದಾಗ ಅದು ಎಡವಿತು. ಯಾಕೆಂದರೆ ಈ ನಿಯಮ ಮುರಿದ ಪ್ರಾಣಿಗಳು ಬೆರಳೆಣಿಕೆಯಷ್ಟು, ಅದರಲ್ಲಿ ಸ್ಲಾತ್‌ಗಳೇ ಮುಂದು. ಮೂರು ಬೆರಳಿನದಕ್ಕೆ ಸಾಮಾನ್ಯವಾಗಿ 8 ಅಥವಾ 9 ಮಣಿ. ಅದಕ್ಕೇ ಅದು ತಲೆಯನ್ನು ಸುಮಾರು 270 ಡಿಗ್ರಿ ತಿರುಗಿಸಬಲ್ಲದು. ಎರಡು ಬೆರಳಿನದಕ್ಕೆ 5ರಿಂದ 7.

ಹೆಚ್ಚಿನ ಮಣಿ ಎಲ್ಲಿಂದ ಬಂತು? 2010ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದವರೂ ಇದ್ದ ಒಂದು ತಂಡ ಹುಟ್ಟುವ ಮೊದಲಿನ ಸ್ಲಾತ್ ಮರಿಗಳಲ್ಲಿ ಯಾವ ಮೂಳೆ ಮೊದಲು ಗಟ್ಟಿಯಾಗುತ್ತದೆ ಎಂದು ಪರೀಕ್ಷಿಸಿತು. ಕತ್ತಿನ ಕೊನೆಯ ಆ ಹೆಚ್ಚುವರಿ ಮಣಿಗಳು ಗಟ್ಟಿಯಾಗುವ ಕ್ರಮ ಬೇರೆ ಪ್ರಾಣಿಗಳ ಎದೆಯ ಮಣಿಗಳ ಕ್ರಮವೇ ಆಗಿತ್ತು. ಅಂದರೆ ಅವು ಪಕ್ಕೆಲುಬು ಬಿಟ್ಟುಕೊಟ್ಟು ಕತ್ತಿಗೆ ಸೇರಿಕೊಂಡ ಎದೆಯ ಮಣಿಗಳ ಹಾಗೆ. ಪಕ್ಕೆಲುಬಿನ ಗೂಡು ಹಿಂದಕ್ಕೆ ಸರಿಯಿತು, ಹೆಗಲು ಅದರ ಜೊತೆ ಹೋಯಿತು. ನರಜಾಲ? ಅದೂ ಹಿಂದಕ್ಕೆ ಸರಿದ ಜಾಗದಿಂದಲೇ ಹೊರಡುತ್ತದೆ. ತಾಯಿಯ ಹೊಟ್ಟೆಯಲ್ಲಿ ಕೈ ಮೊದಲು ಒಂದು ಮೊಗ್ಗಿನ ಹಾಗೆ ಮೂಡುತ್ತದೆ. ಅದು ಯಾವ ಮಟ್ಟದಲ್ಲಿ ಮೂಡುತ್ತದೋ ಆ ಮಟ್ಟದಲ್ಲಿರುವ ನರಗಳು ಅದರೊಳಗೆ ಬೆಳೆಯುತ್ತವೆ. ನರ ಅಂಕಿ ಎಣಿಸುವುದಿಲ್ಲ, ಕೈ ಇರುವ ಕಡೆ ಹೋಗುತ್ತದೆ.

ಇದನ್ನು ಓದಿದ ದಿನ ನಾನು ಆಫೀಸಿನಲ್ಲಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಯಾಕೆಂದು ಹೇಳಬೇಕಾದರೆ ನನ್ನ ಅಪ್ಪನ ಕೈಯ ವಿಷಯ ಹೇಳಬೇಕು. ಅಪ್ಪ ಇಲ್ಲೇ ಮೂರನೆಯ ಸಾಲಿನಲ್ಲಿ ಕೂತಿದ್ದಾರೆ. ಅವರನ್ನು ಕೇಳಿಯೇ ಹೇಳುತ್ತಿದ್ದೇನೆ.

ಅಪ್ಪ ಈ ಊರಿನ ಕೊನೆಗಾರರು. ಮಳೆಗಾಲದಲ್ಲಿ ಕೊಳೆ ಔಷಧಿ ಹೊಡೆಯುವುದು, ಆಮೇಲೆ ಕೊನೆ ಇಳಿಸುವುದು. ಒಂದು ಮರದಿಂದ ಇನ್ನೊಂದು ಮರಕ್ಕೆ ಮೇಲಿಂದ ಮೇಲೆಯೇ ದಾಟುತ್ತಿದ್ದವರು. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ, ಎರಡನೆಯ ಸಲದ ಔಷಧಿ ಹೊಡೆಯುವ ದಿನ, ಪಾಚಿ ಕಟ್ಟಿದ ಮರದಲ್ಲಿ ಅಪ್ಪನ ಕಾಲು ಜಾರಿತು. ಬೀಳುವಾಗ ಬಲಗೈಗೆ ಹಗ್ಗ ಸಿಕ್ಕಿತು. ಇಡೀ ಮೈಯ ಭಾರ ಒಂದೇ ಕೈ ಮೇಲೆ, ಕೈ ತಲೆಯ ಮೇಲಕ್ಕೆ ಎಳೆದು, ಒಂದು ಕ್ಷಣ ನೇತಾಡಿದರು. ಆಮೇಲೆ ಕೈ ಬಿಟ್ಟು ಬಿದ್ದರು. ಎತ್ತರ ಹೆಚ್ಚಿರಲಿಲ್ಲ, ಕೆಳಗೆ ಸೊಪ್ಪಿನ ರಾಶಿ ಇತ್ತು. ಎಕ್ಸ್‌ರೇಯಲ್ಲಿ ಮೂಳೆ ಮುರಿದಿಲ್ಲ ಎಂದು ಬಂತು. ಮನೆಯವರೆಲ್ಲ ದೇವರಿಗೆ ಕಾಯಿ ಒಡೆಸಿದೆವು.

ಆದರೆ ಕೈ ಸರಿಯಾಗಲಿಲ್ಲ. ಹೆಗಲು ಏಳುತ್ತಿತ್ತು, ಮೊಣಕೈ ಮಡಿಸುತ್ತಿದ್ದರು. ಬೆರಳು ಮಾತ್ರ ಮುಷ್ಟಿಯಾಗುತ್ತಿರಲಿಲ್ಲ. ಲೋಟ ಹಿಡಿಯಲು ಆಗುತ್ತಿರಲಿಲ್ಲ. ಎಣ್ಣೆ ಹಚ್ಚಿ ತಿಕ್ಕುತ್ತಿದ್ದೆವು. ‘ಉಳುಕು, ನಿಧಾನಕ್ಕೆ ಸರಿಯಾಗ್ತದೆ’ ಎಂದು ಬಂದವರೆಲ್ಲ ಹೇಳುತ್ತಿದ್ದರು.

ಒಂದು ದಿನ ನರವ್ಯೂಹದ ಪಾಠ ನಡೆಯುತ್ತಿದ್ದಾಗ ನಾನು ಎದ್ದು ನಿಂತು, ಮೂಳೆ ಮುರಿಯದಿದ್ದರೂ ಬೆರಳು ಯಾಕೆ ಮಡಚುವುದಿಲ್ಲ ಎಂದು ಕೇಳಿದೆ. ನಮ್ಮ ವಿಜ್ಞಾನದ ಮೇಷ್ಟ್ರು ಪಾಠ ನಿಲ್ಲಿಸಿ ಹೊರಗೆ ಹೋದರು. ತಮ್ಮ ಮೊಪೆಡ್ಡಿನ ಡಿಕ್ಕಿಯಲ್ಲಿದ್ದ ಹಳೆಯ ಬ್ರೇಕ್ ಕೇಬಲ್ ತಂದರು. ‘ನೋಡು, ಹೊರಗಿನ ಕವಚ ಸರಿಯಾಗಿಯೇ ಇದೆ. ಒಳಗಿನ ತಂತಿ ಹರಿದಿದೆ. ನೀನು ಇಲ್ಲಿ ಎಷ್ಟು ಒತ್ತಿದರೂ ಅಲ್ಲಿ ಬ್ರೇಕ್ ಹಿಡಿಯುವುದಿಲ್ಲ. ಎಕ್ಸ್‌ರೇಯಲ್ಲಿ ನರ ಕಾಣುವುದಿಲ್ಲ ಮಾರಾಯ. ಅಪ್ಪನಿಗೆ ಹೇಳು, ದೊಡ್ಡ ಆಸ್ಪತ್ರೆಗೆ ಹೋಗಿ ನರದ ಡಾಕ್ಟರಿಗೆ ತೋರಿಸಲಿ. ಬೇಗ.’ ಆಗ ಬಿದ್ದು ಎರಡು ತಿಂಗಳಾಗಿತ್ತು.

ನಾನು ಮನೆಯಲ್ಲಿ ಹೇಳಿದೆ. ಅಪ್ಪ, ‘ಕೊಯ್ಲು ಮುಗೀಲಿ, ಕೈಯಲ್ಲಿ ದುಡ್ಡು ಬಂದ ಮೇಲೆ ನೋಡಣ’ ಎಂದರು. ನಾನು ಮತ್ತೆ ಹೇಳಲಿಲ್ಲ. ಹದಿನಾಲ್ಕು ವರ್ಷದ ಹುಡುಗ ಎಷ್ಟು ಸಲ ಹೇಳಬಹುದಿತ್ತು ಎಂದು ನನ್ನ ಹೆಂಡತಿ ಈಗ ಸಮಾಧಾನ ಹೇಳುತ್ತಾಳೆ. ಎರಡನೆಯ ಸಲ ಹೇಳಬಹುದಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ನಾವು ದೊಡ್ಡ ಆಸ್ಪತ್ರೆಗೆ ಹೋದದ್ದು ಬಿದ್ದ ಹದಿನಾಲ್ಕು ತಿಂಗಳ ಮೇಲೆ.

ಅಲ್ಲಿನ ವೈದ್ಯರು ಅಪ್ಪನ ಕತ್ತಿನ ಬುಡದಿಂದ ಅಂಗೈವರೆಗೆ ಟೇಪು ಹಿಡಿದು ಅಳತೆ ಮಾಡಿದರು. ಸುಮಾರು 70 ಸೆಂಟಿಮೀಟರ್. ಆಮೇಲೆ ನನ್ನನ್ನು ಕರೆದು, ‘ಲೆಕ್ಕ ಬರುತ್ತಾ?’ ಎಂದು ಕೇಳಿ, ಒಂದು ಲೆಕ್ಕ ಹೇಳಿದರು. ಅಪ್ಪನ ನರಜಾಲದಲ್ಲಿ ಪೆಟ್ಟಾಗಿದ್ದದ್ದು ಕೆಳಗಿನ ಎರಡು ಬೇರುಗಳಿಗೆ, ಬೆರಳಿಗೆ ಶಕ್ತಿ ಕೊಡುವ ಬೇರುಗಳಿಗೆ. ಕೈ ಮೇಲಿದ್ದಾಗ ಜಗ್ಗಿದರೆ ಆಗುವುದು ಹೀಗೇ. ಹರಿದ ನರದ ಎಳೆ ಮತ್ತೆ ಬೆಳೆಯಬಲ್ಲದು, ಆದರೆ ದಿನಕ್ಕೆ ಸುಮಾರು 1 ಮಿಲಿಮೀಟರ್. 70 ಸೆಂಟಿಮೀಟರ್ ಎಂದರೆ 700 ಮಿಲಿಮೀಟರ್, 700 ದಿನ. ನರದ ಸಂಪರ್ಕ ತಪ್ಪಿದ ಸ್ನಾಯು ಅಷ್ಟು ದಿನ ಕಾಯುವುದಿಲ್ಲ. ಒಂದರಿಂದ ಒಂದೂವರೆ ವರ್ಷದೊಳಗೆ ನರ ಬಂದು ಸೇರದಿದ್ದರೆ ಆಮೇಲೆ ಬಂದರೂ ಅದು ಎಚ್ಚರವಾಗುವುದಿಲ್ಲ. ಬೇರೇ ಬೆನ್ನುಹುರಿಯಿಂದ ಕಿತ್ತುಬಂದಿದ್ದರಂತೂ ತಾನಾಗಿ ಬೆಳೆದು ಸೇರುವ ಮಾತೇ ಇಲ್ಲ. ಮೊದಲ ಕೆಲವು ತಿಂಗಳಲ್ಲಿ ಬಂದಿದ್ದರೆ ಶಸ್ತ್ರಚಿಕಿತ್ಸೆಯಿಂದ ಏನಾದರೂ ಪ್ರಯತ್ನ ಮಾಡಬಹುದಿತ್ತು ಎಂದರು. ಅವರು ಬೈಯಲಿಲ್ಲ. ಲೆಕ್ಕ ಹೇಳಿದರು, ಅಷ್ಟೇ. ಬಸ್ಸಿನಲ್ಲಿ ಬರುವಾಗ ನಾನು ಮತ್ತೆ ಮತ್ತೆ 700ರಲ್ಲಿ 420 ಕಳೆಯುತ್ತಿದ್ದೆ.

ಅಪ್ಪ ಆಮೇಲೆ ಮರ ಹತ್ತಲಿಲ್ಲ. ಎಡಗೈಯಲ್ಲಿ ಬರೆಯಲು ಕಲಿತರು, ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಮಾಡಿದರು. ನನ್ನನ್ನು ಎಂಜಿನಿಯರಿಂಗ್ ಓದಿಸಿದ್ದು ಆ ಎಡಗೈ.

ಈಗ ನಿಮಗೆ ಅರ್ಥವಾಗಿರಬಹುದು, ಸ್ಲಾತ್‌ನ ನರಕ್ಕೆ ಬಣ್ಣ ಹಚ್ಚುವಾಗ ನಾನು ಏನು ನೋಡುತ್ತಿದ್ದೆ ಎಂದು. ಲಕ್ಷಾಂತರ ವರ್ಷಗಳಲ್ಲಿ ಕತ್ತಿನ ಮಣಿಗಳು ಹೆಚ್ಚಾದವು, ಪಕ್ಕೆಲುಬು ಸರಿದವು, ಮೂಳೆಯಲ್ಲಿ ರಂಧ್ರ ಉಳಿಯಿತು ಅಥವಾ ಮುಚ್ಚಿತು. ಅಷ್ಟೆಲ್ಲ ಆದರೂ ನರ ಬೆರಳನ್ನು ತಲುಪಿತು, ಯಾಕೆಂದರೆ ಪ್ರತಿ ಮರಿಯಲ್ಲೂ ಅದು ಕೈಯ ಜೊತೆಜೊತೆಗೆ, ಕೈ ಇನ್ನೂ ಮೊಗ್ಗಿನಷ್ಟಿರುವಾಗಲೇ ಬೆಳೆಯುತ್ತದೆ. ಆಗ ದಾರಿ ಚಿಕ್ಕದು. ಬೆಳೆದ ಮೇಲೆ ಹರಿದರೆ ದಾರಿ ಬಹಳ ದೂರ. ನಮ್ಮ ಹಿರಿಯರು ನಿಧಾನವೇ ಪ್ರಧಾನ ಎನ್ನುತ್ತಾರೆ. ಸ್ಲಾತ್‌ಗೆ ಅದು ಸರಿ. ಅದರ ಆಹಾರ, ಸ್ನಾಯು, ಹಿಡಿತ ಎಲ್ಲವೂ ಆ ನಿಧಾನಕ್ಕೆ ಹೊಂದಿಕೊಂಡಿವೆ. ಪೆಟ್ಟಾದ ನರ ತಾನೇ ನಿಧಾನ, ಅದರ ಜೊತೆ ನಾವೂ ನಿಧಾನ ಮಾಡಿದರೆ ಕೈ ಉಳಿಯುವುದಿಲ್ಲ.

ಕಳೆದ ಯುಗಾದಿಗೆ ಬಂದಾಗ ಲ್ಯಾಪ್‌ಟಾಪಿನಲ್ಲಿ ಅಪ್ಪನಿಗೆ ಆ ಕೈ ತೋರಿಸಿದೆ. ಹಳದಿ ಬಣ್ಣದ ನರಗಳು, ಕೊಕ್ಕೆಯಂಥ ಉಗುರು. ತಿರುಗಿಸಿ ತಿರುಗಿಸಿ ತೋರಿಸಿದೆ. ಅಪ್ಪ ತುಂಬ ಹೊತ್ತು ನೋಡಿದರು. ಅವರಿಗೂ ತಮ್ಮ ಕೈ ನೆನಪಾಗಿ ಬೇಸರವಾಯಿತೇನೋ ಎಂದು ನಾನು ಅಂದುಕೊಂಡೆ. ಅವರು ಕೇಳಿದ್ದು ಬೇರೆ: ‘ಹಿಡ್ಕಳದೇನೋ ಸರಿ. ಬಿಡದು ಹ್ಯಾಂಗೆ?’

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅಪ್ಪನೇ ಹೇಳಿದರು: ‘ಮರ ಹತ್ತೋರಿಗೆ ಹಿಡಿಯದು ಯಾರೂ ಕಲಿಸ್ಬೇಕಾಗಿಲ್ಲ, ಹೆದರಿಕೆಯೇ ಕಲಿಸ್ತದೆ. ಒಂದು ಮರ ಬಿಟ್ಟು ಇನ್ನೊಂದು ಮರ ಹಿಡಿತಿವಲ್ಲ, ಆ ಬಿಡದು ಕಲಿಯಕ್ಕೆ ನಂಗೆ ಎರಡು ವರ್ಷ ಬೇಕಾತು.’ ನಾನು ಪರದೆಯ ಮೇಲೆ ರೇಡಿಯಲ್ ನರ ತೋರಿಸಿದೆ, ಬಿಚ್ಚುವ ಸಣ್ಣ ಸ್ನಾಯುಗಳಿಗೆ ಹೋಗುವ ನರ. ‘ಇದು ಬಿಡಿಸುತ್ತದೆ ಅಪ್ಪ. ಮುಂದಿನ ಕೊಂಬೆ ಹಿಡಿಯುವ ತನಕ ಹಿಂದಿನದನ್ನು ಬಿಡುವುದಿಲ್ಲ, ಅದಕ್ಕೇ ಅಷ್ಟು ನಿಧಾನ’ ಎಂದೆ. ‘ಹಂಗಾದ್ರೆ ಅದು ಸೋಮಾರಿ ಅಲ್ಲ, ಒಳ್ಳೇ ಕೊನೆಗಾರ’ ಎಂದು ಅಪ್ಪ ನಕ್ಕರು. ಆರು ತಿಂಗಳು ಆ ಕೈಯನ್ನೇ ನೋಡಿಕೊಂಡಿದ್ದ ನಮ್ಮ ತಂಡದಲ್ಲಿ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ.

ಇನ್ನು ಎರಡೇ ಮಾತು. ಒಂದು ಊರಿನವರಿಗೆ. ನಮ್ಮ ಕಡೆ ಈಗಲೂ ಮರದಿಂದ ಬೀಳುವವರಿದ್ದಾರೆ. ಅದಕ್ಕಿಂತ ಹೆಚ್ಚಾಗಿ ಬೈಕಿನಿಂದ ಬೀಳುವ ಹುಡುಗರಿದ್ದಾರೆ. ತಲೆ ಒಂದು ಕಡೆ, ಹೆಗಲು ಒಂದು ಕಡೆ ಜಗ್ಗಿದರೂ ಇದೇ ನರಜಾಲಕ್ಕೆ ಪೆಟ್ಟು. ಬಿದ್ದ ಮೇಲೆ ಕೈಯಲ್ಲಿ ಶಕ್ತಿ ಇಲ್ಲ, ಅಥವಾ ಮರಗಟ್ಟಿದೆ ಎಂದರೆ ಎಕ್ಸ್‌ರೇಯಲ್ಲಿ ಮೂಳೆ ಸರಿ ಇದೆ ಎಂಬಲ್ಲಿಗೆ ಬಿಡಬೇಡಿ. ತಿಕ್ಕುತ್ತಾ ಕೂರಬೇಡಿ. ಮೊದಲ ವಾರಗಳಲ್ಲೇ ನರದ ಪರೀಕ್ಷೆ ಮಾಡುವ ದೊಡ್ಡ ಆಸ್ಪತ್ರೆಗೆ ಹೋಗಿ. ಎಲ್ಲ ಪೆಟ್ಟಿಗೂ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ, ಎಷ್ಟೋ ತಾನಾಗಿ ವಾಸಿಯಾಗುತ್ತವೆ. ಯಾವುದು ಹೇಗೆ ಎಂದು ಹೇಳಬೇಕಾದವರು ವೈದ್ಯರು. ಬೇಕಾದಾಗ ಈಗ ಹತ್ತಿರದಲ್ಲಿ ಚೆನ್ನಾಗಿರುವ ಇನ್ನೊಂದು ನರದ ಎಳೆಯನ್ನು ತಂದು ಜೋಡಿಸಿ, ಆ ಉದ್ದದ ದಾರಿಯನ್ನೇ ಚಿಕ್ಕದು ಮಾಡುತ್ತಾರೆ. ಆದರೆ ಅದಕ್ಕೂ ಸ್ನಾಯು ಜೀವಂತ ಇರಬೇಕು. ಹಾಗಾಗಿ ಕೊಯ್ಲು ಮುಗಿಯಲಿ ಎನ್ನಬೇಡಿ.

ಇನ್ನೊಂದು ಮಕ್ಕಳಿಗೆ. ಮನೆಯಲ್ಲಿ ಒಂದು ಸಲ ಹೇಳಿದಾಗ ದೊಡ್ಡವರು ಕೇಳದಿದ್ದರೆ ಎರಡನೆಯ ಸಲ ಹೇಳಿ. ಆಗಲೂ ಕೇಳದಿದ್ದರೆ ನಿಮ್ಮ ಮೇಷ್ಟ್ರನ್ನು ಮನೆಗೆ ಕರೆದುಕೊಂಡು ಹೋಗಿ. ಬರುತ್ತಾರೆ. ನಾನು ಕರೆಯಲಿಲ್ಲ, ಕರೆದಿದ್ದರೆ ನಮ್ಮ ಮೇಷ್ಟ್ರು ಆ ಮೊಪೆಡ್ಡಿನಲ್ಲಿ ಅವತ್ತೇ ಬರುತ್ತಿದ್ದರು. ಅವರು ಇವತ್ತು ನಮ್ಮ ನಡುವೆ ಇಲ್ಲ.

ಅವರ ನೆನಪಿಗೆ ನಮ್ಮ ಬ್ಯಾಚಿನ ಪರವಾಗಿ ಶಾಲೆಯ ಪ್ರಯೋಗಾಲಯಕ್ಕೆ ಎರಡು ಮಾದರಿ ಕೊಡುತ್ತಿದ್ದೇವೆ. ಒಂದು ಮನುಷ್ಯನ ತೋಳು, ಒಂದು ಸ್ಲಾತ್‌ನ ಮುಂಗೈ. ಎರಡರಲ್ಲೂ ನರಗಳಿಗೆ ಹಳದಿ ಬಣ್ಣ ಹಚ್ಚಿಸಿದ್ದೇವೆ. ಮೇಲ್ದೋಳಿನ ಮೂಳೆಯ ಆ ರಂಧ್ರವನ್ನೂ ಬಿಟ್ಟಿಲ್ಲ, ದಾರ ಪೋಣಿಸಿ ನೋಡಬಹುದು. ಪಕ್ಕದಲ್ಲಿ ಒಂದು ಹಳೆಯ ಬ್ರೇಕ್ ಕೇಬಲ್ ಕೂಡ ಇಟ್ಟಿದ್ದೇವೆ. ಅದು ಯಾಕೆ ಅಲ್ಲಿದೆ ಎಂದು ಮುಂದೆ ಬರುವ ಮಕ್ಕಳು ಕೇಳಿದರೆ, ಇಲ್ಲಿ ಕುಳಿತಿರುವ ನೀವು ಹೇಳಬೇಕು.

ಇಪ್ಪತ್ತು ನಿಮಿಷ ಆಯಿತು ಸಾರ್.